‘ಋಣಾತ್ಮಕ ಪುನರ್ಬಲನ’ ಎಂದರೆ ಶಿಕ್ಷೆಯೇ? ವರ್ತನಾವಾದದ ಒಂದು ಪದದ ಬಗ್ಗೆ

ಬಳಗದ ಹಿರಿಯರಿಗೂ ಗೆಳೆಯರಿಗೂ ಕಲಬುರಗಿಯಿಂದ ಶರಣು.

ಕಲಿಕೆಯನ್ನು ಹೊರಗೆ ಕಾಣುವ ವರ್ತನೆಯ ಮೂಲಕ ವಿವರಿಸುವ ವರ್ತನಾವಾದದ ಪರಿಭಾಷೆಯಲ್ಲಿ ಬಳಕೆಯಲ್ಲಿರುವ ಒಂದು ಪದಗುಚ್ಛದ ಅರ್ಥದ ಬಗ್ಗೆ ಬಲ್ಲವರ ಅಭಿಪ್ರಾಯ ಕೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಶಿಕ್ಷಕರಾಗಲು ಓದುತ್ತಿರುವ ಪ್ರಶಿಕ್ಷಣಾರ್ಥಿಗಳಿಗೆ ಕಲಿಕೆಯ ಮನೋವಿಜ್ಞಾನವನ್ನು ಪಾಠ ಮಾಡುವಾಗಲೂ ಅರ್ಹತಾ ಪರೀಕ್ಷೆಗೆ ತಯಾರಾಗುವವರ ಟಿಪ್ಪಣಿಗಳನ್ನು ನೋಡುವಾಗಲೂ ‘ಋಣಾತ್ಮಕ ಪುನರ್ಬಲನ’ ಎಂಬುದರ ಮುಂದೆ ‘ಶಿಕ್ಷೆ, ಬೈಗುಳ, ಹೊಡೆತ’ ಎಂಬ ವಿವರಣೆ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಧನಾತ್ಮಕ ಎಂದರೆ ಬಹುಮಾನ, ಋಣಾತ್ಮಕ ಎಂದರೆ ಶಿಕ್ಷೆ ಎಂಬ ಜೋಡಿ ಎಲ್ಲರಿಗೂ ಕಂಠಪಾಠವಾಗಿಬಿಟ್ಟಿದೆ. ಇದು ತಪ್ಪು, ಮತ್ತು ಈ ತಪ್ಪಿನ ಫಲವನ್ನು ಕೊನೆಗೆ ಉಣ್ಣುವುದು ತರಗತಿಯಲ್ಲಿ ಕೂತ ಮಗು ಎಂಬುದೇ ನನ್ನ ಕಳವಳ.

ವರ್ತನಾವಾದಿ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಅವರ ಚಿಂತನೆಯಲ್ಲಿ ಪುನರ್ಬಲನ ಎಂದರೆ, ಒಂದು ವರ್ತನೆಯ ಬೆನ್ನಿಗೆ ಬಂದು, ಆ ವರ್ತನೆ ಮುಂದೆ ಇನ್ನಷ್ಟು ಸಲ ನಡೆಯುವಂತೆ ಮಾಡುವ ಪರಿಣಾಮ. ಧನ, ಋಣ ಎಂಬ ವಿಶೇಷಣಗಳು ಆ ಪರಿಣಾಮ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಹೇಳುವುದಿಲ್ಲ. ಏನಾದರೂ ಬಂದು ಸೇರಿತೋ ಅಥವಾ ಇದ್ದದ್ದು ತೊಲಗಿತೋ ಎಂಬುದನ್ನಷ್ಟೇ ಹೇಳುತ್ತವೆ. ಪ್ರಯೋಗದ ಪೆಟ್ಟಿಗೆಯೊಳಗೆ ಸನ್ನೆಕೋಲು ಒತ್ತಿದ ಇಲಿಗೆ ಕಾಳು ಸಿಕ್ಕಿ, ಅದು ಮತ್ತೆ ಮತ್ತೆ ಒತ್ತತೊಡಗಿದರೆ ಅದು ಧನಾತ್ಮಕ. ಪೆಟ್ಟಿಗೆಯ ತಳದಿಂದ ಹರಿಯುತ್ತಿದ್ದ ವಿದ್ಯುತ್ ಆಘಾತ ಸನ್ನೆಕೋಲು ಒತ್ತಿದೊಡನೆ ನಿಂತು, ಅದರಿಂದ ಒತ್ತುವಿಕೆ ಹೆಚ್ಚಿದರೆ ಅದು ಋಣಾತ್ಮಕ. ಎರಡರಲ್ಲೂ ವರ್ತನೆ ಬಲಗೊಳ್ಳುತ್ತದೆ. ಶಿಕ್ಷೆಯಲ್ಲಿ ವರ್ತನೆ ಕುಗ್ಗುತ್ತದೆ.

ನಮ್ಮ ಊರಿನ ಮೇ ತಿಂಗಳನ್ನೇ ತೆಗೆದುಕೊಳ್ಳಿ. ಬಿಸಿಲು ನಲವತ್ತು ಡಿಗ್ರಿ ದಾಟಿದ ಮಧ್ಯಾಹ್ನ ತಲೆಗೆ ವಸ್ತ್ರ ಸುತ್ತಿಕೊಂಡು ಹೊರಟವರಿಗೆ ಬಿಸಿಲಿನ ಹೊಡೆತ ಕಡಿಮೆಯಾಗುತ್ತದೆ, ಆದ್ದರಿಂದ ಮರುದಿನವೂ ಅವರು ವಸ್ತ್ರ ಸುತ್ತಿಕೊಳ್ಳುತ್ತಾರೆ. ಅವರನ್ನು ಯಾರೂ ಶಿಕ್ಷಿಸಿಲ್ಲ. ಅಹಿತವಾದದ್ದೊಂದು ದೂರವಾದದ್ದರಿಂದ ಒಂದು ರೂಢಿ ಗಟ್ಟಿಯಾಯಿತು. ತರಗತಿಯ ಉದಾಹರಣೆ ಇದಕ್ಕಿಂತ ಮುಖ್ಯ. ಗಣಿತದ ಪೀರಿಯಡ್ ಬಂದಾಗ ಹೊಟ್ಟೆನೋವೆಂದು ಹೇಳಿದ ಮಗುವನ್ನು ಮನೆಗೆ ಕಳಿಸಿದರೆ, ಗಣಿತದ ಭಯದಿಂದ ಪಾರಾದ ಆ ಮಗು ನಾಳೆಯೂ ಹೊಟ್ಟೆನೋವೆನ್ನುವ ಸಂಭವ ಹೆಚ್ಚು. ಇಲ್ಲಿ ಶಿಕ್ಷಕರು ತಮಗೆ ಅರಿವಿಲ್ಲದೆಯೇ ಋಣಾತ್ಮಕ ಪುನರ್ಬಲನ ನೀಡಿದ್ದಾರೆ. ಪದವನ್ನು ಶಿಕ್ಷೆ ಎಂದು ಕಲಿತವರಿಗೆ ಈ ಘಟನೆಯನ್ನು ಗುರುತಿಸುವ ಕಣ್ಣೇ ಇರುವುದಿಲ್ಲ.

ಗೊಂದಲ ಕನ್ನಡದಲ್ಲಿಯೇ ಹುಟ್ಟಿತೆಂದು ಹೇಳುವುದು ನ್ಯಾಯವಲ್ಲ. ಸ್ಕಿನ್ನರ್ ಸ್ವತಃ 1938ರ ತಮ್ಮ ಮೊದಲ ಪುಸ್ತಕದಲ್ಲಿ ಈ ಮಾತನ್ನು ಇಂದು ನಾವು ಶಿಕ್ಷೆ ಎನ್ನುವ ಅರ್ಥದಲ್ಲಿಯೇ ಬಳಸಿದ್ದರು. 1953ರ ಹೊತ್ತಿಗೆ ಈಗಿನ ಅರ್ಥಕ್ಕೆ ಬಂದರು. ಇಂಗ್ಲಿಷಿನಲ್ಲಿ ಓದುವವರೂ ಇಲ್ಲಿ ಎಡವುತ್ತಾರೆ. ಆದರೆ ಕನ್ನಡದ ‘ಋಣಾತ್ಮಕ’ ಆ ಎಡವುವಿಕೆಯನ್ನು ಇನ್ನಷ್ಟು ಸುಲಭ ಮಾಡಿದೆ ಎಂದು ನನಗೆ ತೋರುತ್ತದೆ. ಆಡುಮಾತಿನಲ್ಲಿ ಋಣವೆಂದರೆ ಅನ್ನದ ಋಣ, ತೀರಿಸಬೇಕಾದ ಹೊರೆ. ಪತ್ರಿಕೆಗಳಲ್ಲಿ ಋಣಾತ್ಮಕವೆಂದರೆ ಕೆಟ್ಟದ್ದು. ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗಂತೂ ತಪ್ಪು ಉತ್ತರಕ್ಕೆ ಕಳೆಯುವ ‘ಋಣಾತ್ಮಕ ಅಂಕ’ವೇ ಈ ಪದದ ನಿತ್ಯದ ಅನುಭವ, ಮತ್ತು ಅದು ನಿಜವಾಗಿಯೂ ದಂಡವೇ. ಹೀಗಿರುವಾಗ ಅದೇ ವಿದ್ಯಾರ್ಥಿ ಪುನರ್ಬಲನದ ಹಿಂದೆ ಆ ವಿಶೇಷಣ ಕಂಡಾಗ ಶಿಕ್ಷೆಯೆಂದು ಓದಿಕೊಳ್ಳುವುದು ಸಹಜ.

ಇದರಿಂದ ಆಗುವ ಅನ್ಯಾಯವೆಂದರೆ, ಛಡಿ ಏಟನ್ನು ಸಮರ್ಥಿಸಲು ಸ್ಕಿನ್ನರ್ ಅವರ ಹೆಸರು ಬಳಕೆಯಾಗುತ್ತದೆ. ‘ಋಣಾತ್ಮಕ ಪುನರ್ಬಲನವೂ ಕಲಿಕೆಗೆ ಬೇಕೆಂದು ವರ್ತನಾವಾದಿಗಳೇ ಹೇಳಿದ್ದಾರೆ’ ಎಂಬ ವಾದವನ್ನು ಪ್ರಾಮಾಣಿಕರಾದ ಶಿಕ್ಷಕರ ಬಾಯಲ್ಲಿಯೂ ಕೇಳಿದ್ದೇನೆ. ವಾಸ್ತವದಲ್ಲಿ ಸ್ಕಿನ್ನರ್ ತಮ್ಮ ಬರಹಗಳಲ್ಲಿ ಶಿಕ್ಷೆಯನ್ನು ವಿರೋಧಿಸಿದವರು. ಅದು ವರ್ತನೆಯನ್ನು ಸ್ವಲ್ಪ ಕಾಲ ಅದುಮುತ್ತದೆಯೇ ಹೊರತು ಬೇರೆ ವರ್ತನೆಯನ್ನು ಕಲಿಸುವುದಿಲ್ಲ ಎಂಬುದು ಅವರ ನಿಲುವು. ಅವರಿಗಿಂತ ಮೊದಲು, ಬೆಕ್ಕುಗಳ ಮೇಲಿನ ಪ್ರಯೋಗಗಳಿಂದ ಪರಿಣಾಮ ನಿಯಮವನ್ನು ರೂಪಿಸಿದ ಥಾರ್ನ್‌ಡೈಕ್, 1911ರಲ್ಲಿ ತೃಪ್ತಿಯು ಸನ್ನಿವೇಶಕ್ಕೂ ವರ್ತನೆಗೂ ಇರುವ ಬಂಧವನ್ನು ಬಲಪಡಿಸುತ್ತದೆ, ಅತೃಪ್ತಿ ದುರ್ಬಲಗೊಳಿಸುತ್ತದೆ ಎಂದಿದ್ದರು. 1930ರ ದಶಕದ ಆರಂಭದಲ್ಲಿ ಆ ನಿಯಮದ ಎರಡನೆಯ ಅರ್ಧವನ್ನು ಅವರೇ ಕೈಬಿಟ್ಟರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಾನೂನು ಬಾಗಿಲು ಮುಚ್ಚಿದ ಮೇಲೂ ಒಂದು ಪರಿಭಾಷೆ ಕಿಟಕಿಯಿಂದ ಅದನ್ನು ಒಳಗೆ ಕರೆಯಬಾರದು.

ವರ್ತನಾವಾದವೇ ಈಗ ಹಳೆಯದಾಯಿತಲ್ಲ, ಅದರ ಪದಗಳಿಗೆ ಇಷ್ಟು ಚಿಂತೆ ಏಕೆ ಎಂದು ಕೆಲವರು ಕೇಳಬಹುದು. 1913ರಲ್ಲಿ ವಾಟ್ಸನ್ ಆರಂಭಿಸಿದ ಈ ಪಂಥ ಕಲಿಕೆಯನ್ನು ಪೂರ್ತಿಯಾಗಿ ವಿವರಿಸಲಾರದೆಂಬುದು ನಿಜ. ಆಹಾರದ ಪ್ರಲೋಭನೆ ಇಲ್ಲದೆಯೂ ಇಲಿಗಳು ಚಕ್ರವ್ಯೂಹದ ದಾರಿಯನ್ನು ಕಲಿತಿದ್ದವೆಂದು 1930ರಲ್ಲಿ ಟೋಲ್ಮನ್ ಮತ್ತು ಹಾಂಜಿಕ್ ತೋರಿಸಿದರು. 1959ರಲ್ಲಿ ಚಾಮ್‌ಸ್ಕಿ, ಮಗುವಿನ ಭಾಷೆಯನ್ನು ಪುನರ್ಬಲನದ ಲೆಕ್ಕದಲ್ಲಿ ಹಿಡಿಯಲಾಗದೆಂದು ವಾದಿಸಿದರು. 1961ರಲ್ಲಿ ಬಂಡೂರಾ, ನೋಡಿದ್ದನ್ನೇ ಮಕ್ಕಳು ಬಹುಮಾನವಿಲ್ಲದೆಯೂ ಅನುಕರಿಸುವುದನ್ನು ತೋರಿಸಿದರು. ಪಿಯಾಜೆ, ವೈಗಾಟ್‌ಸ್ಕಿ ಅವರ ರಚನಾವಾದಿ ಚಿಂತನೆಯೇ, ಅಂದರೆ ಮಗು ತನ್ನ ಅರಿವನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂಬ ನಿಲುವೇ, 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಬೆನ್ನೆಲುಬು. ಆದರೂ ಅಭ್ಯಾಸಗಳು ಹೇಗೆ ಕಟ್ಟಿಕೊಳ್ಳುತ್ತವೆ, ಭಯ ಹೇಗೆ ಉಳಿದುಕೊಳ್ಳುತ್ತದೆ ಎಂಬುದನ್ನು ತಿಳಿಯಲು ಈ ಪರಿಕಲ್ಪನೆಗಳು ಇಂದಿಗೂ ಕೆಲಸಕ್ಕೆ ಬರುತ್ತವೆ, ಪಠ್ಯಗಳಲ್ಲಿಯೂ ಉಳಿದಿವೆ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ‘ನಿವಾರಕ ಪುನರ್ಬಲನ’ ಎಂದರೆ ಹೇಗೆ? ನೋವು ನಿವಾರಕ ಎಂಬ ಮಾತು ಎಲ್ಲರಿಗೂ ಗೊತ್ತು. ಬಂದದ್ದನ್ನು ಹೋಗಲಾಡಿಸುವುದು, ಬರುವುದನ್ನು ತಡೆಯುವುದು ಎರಡೂ ನಿವಾರಣೆಯ ಅರ್ಥದೊಳಗಿವೆ, ಮತ್ತು ಈ ಪರಿಕಲ್ಪನೆಗೆ ಎರಡೂ ಬೇಕು. ಆದರೆ ಒಂದು ತೊಡಕಿದೆ. ಪರಿಭಾಷೆಯಲ್ಲಿ ‘ಋಣಾತ್ಮಕ ಶಿಕ್ಷೆ’ಯೂ ಇದೆ. ಗಲಾಟೆ ಮಾಡಿದ್ದಕ್ಕೆ ಆಟದ ಪೀರಿಯಡ್ ಕಿತ್ತುಕೊಳ್ಳುವುದು ಅದಕ್ಕೆ ಉದಾಹರಣೆ, ಏಕೆಂದರೆ ಅಲ್ಲಿ ತೊಲಗುವುದು ಹಿತವಾದದ್ದು. ಹಿತವನ್ನು ಕಿತ್ತುಕೊಳ್ಳುವುದಕ್ಕೆ ‘ನಿವಾರಕ’ ಹೊಂದುವುದಿಲ್ಲ. ‘ಕೂಡಿಕೆಯ’, ‘ಕಳೆತದ’ ಎಂಬ ವಿಶೇಷಣಗಳನ್ನು ಬಳಸಿದರೆ ಪುನರ್ಬಲನ, ಶಿಕ್ಷೆ ಎರಡರ ಧನ-ಋಣ ರೂಪಗಳು ಸೇರಿ ನಾಲ್ಕೂ ಕಡೆ ಒಪ್ಪುತ್ತವೆ, ಶಾಲೆಯ ಕೂಡು-ಕಳೆಯ ನೆನಪೂ ನೆರವಿಗೆ ಬರುತ್ತದೆ, ಆದರೆ ‘ಕಳೆತದ ಪುನರ್ಬಲನ’ ಕಿವಿಗೆ ಒರಟಾಗಿ ಕೇಳುತ್ತದೆ. ನನ್ನ ಒಲವು ಆದರೂ ಇದರ ಕಡೆಗೇ ಇದೆ.

ಇನ್ನೊಂದು ಸಣ್ಣ ವಿಷಯ. ‘ಮಗುವಿಗೆ ಪುನರ್ಬಲನ ನೀಡಬೇಕು’ ಎಂದು ಬರೆಯುವುದು ರೂಢಿಯಾಗಿದೆ. ಬಲಗೊಳ್ಳುವುದು ವರ್ತನೆಯಾದ್ದರಿಂದ ‘ವರ್ತನೆಗೆ’ ಎಂದು ಬರೆಯುವುದು ಸರಿ ಎಂದು ಭಾವಿಸಿದ್ದೇನೆ. ವ್ಯಾಕರಣ ಬಲ್ಲವರು ತಿಳಿಸಬೇಕು. ಪ್ರಶ್ನೆಪತ್ರಿಕೆಗಳಲ್ಲಿ ಹಳೆಯ ಪದವೇ ಇರುವುದರಿಂದ ಅದನ್ನು ಒಮ್ಮೆಲೇ ಬಿಡುವಂತಿಲ್ಲ. ಬೀದರ, ಯಾದಗಿರಿ ಕಡೆ ಅಥವಾ ಬೇರೆ ಜಿಲ್ಲೆಗಳಲ್ಲಿ ಇದನ್ನು ಕಲಿಸುವವರು ಹಳೆಯ ಪದದ ಜೊತೆಗೆ ಯಾವ ವಿವರಣೆ ಕೊಡುತ್ತಿದ್ದಾರೆ, ಆಪ್ತ ಸಮಾಲೋಚಕರು ಪೋಷಕರೊಡನೆ ಮಾತಾಡುವಾಗ ಯಾವ ಮಾತು ಬಳಸುತ್ತಾರೆ ಎಂಬುದನ್ನು ದಯವಿಟ್ಟು ಬರೆಯಿರಿ.