ಕೈಯಲ್ಲಿ ಹೊಲಿದ ಕೌದಿ ವಕ್ರ ಬಂದಿದೆ, ಬಿಚ್ಚಿ ಮತ್ತೆ ಹೊಲಿಯೋದಾ ಹಾಗೇ ಬಿಡೋದಾ?

ಸುಂಟಿಕೊಪ್ಪದ ಸೊಸೆ:

ಎಲ್ರಿಗೂ ನಮಸ್ಕಾರ. ಅಮ್ಮನ ಹಳೇ ಕಾಟನ್ ಸೀರೆಗಳು ಟ್ರಂಕಲ್ಲಿ ಹಾಗೇ ಬಿದ್ದಿದ್ವು, ಈ ಮಳೆಗಾಲ ಪೂರ್ತಿ ಕೂತು ಅದ್ರಲ್ಲಿ ಒಂದು ಕೌದಿ ಹೊಲಿದೆ. ಮೇಲ್ಗಡೆ ಚೌಕ ಚೌಕ ತುಂಡು ಜೋಡಿಸಿದ್ದು ಮೆಷಿನ್ನಲ್ಲಿ, ಆಮೇಲೆ ಪದರ ಎಲ್ಲಾ ಸೇರಿಸಿ ಹೊಲಿದಿದ್ದು ಕೈಯಲ್ಲಿ. ಒಳಗೆ ಹತ್ತಿ ಹಾಕಿಲ್ಲ, ಸೀರೆನೇ ಮಡಚಿ ಹಾಕಿದ್ದು, ಅಡಿಗೆ ಹೊಸ ಬಿಳಿ ಬಟ್ಟೆ.

ಈಗ ಹಾಸಿದ್ರೆ ಅಂಚು ಸಮ ಕೂರಲ್ಲ, ಅಲೆ ಅಲೆಯಾಗಿ ಏಳತ್ತೆ. ಚೌಕದ ಮೂಲೆ ಒಂದಕ್ಕೊಂದು ಕೂಡ್ತಾ ಇಲ್ಲ, ಕೆಲವು ಕಡೆ ಅರ್ಧ ಬೆರಳಷ್ಟು ಪಕ್ಕಕ್ಕೆ ಹೋಗಿದೆ. ಹಿಂದ್ಗಡೆ ಅಲ್ಲಲ್ಲಿ ಬಟ್ಟೆ ಮಡಿಕೆ ಬಿದ್ದು ಹಾಗೇ ಹೊಲಿಗೆ ಒಳಗೆ ಸೇರ್ಕೊಂಡಿದೆ. ಮನೆಗೆ ಬಂದವ್ರು ಚೆನ್ನಾಗಿದೆ ಅಂತಾರೆ, ಆದ್ರೆ ನನ್ನ ಕಣ್ಣು ಸೀದಾ ಆ ಮೂಲೆಗಳಿಗೇ ಹೋಗತ್ತೆ, ಉಳಿದದ್ದು ಕಾಣೋದೇ ಇಲ್ಲ. ಅಮ್ಮನ ಸೀರೆ ಆದ್ರಿಂದ ಹೊದ್ಕೊಳ್ಳೋಕೂ ಆಸೆ, ಹಾಗೇ ಬಿಡೋಕೂ ಮನಸ್ಸಿಲ್ಲ. ಪೂರ್ತಿ ಬಿಚ್ಚಿ ಮತ್ತೆ ಹೊಲಿದ್ರೆ ಸರಿಹೋಗತ್ತಾ? ಮುಂದಿನದ್ದು ಹೊಲಿಯುವಾಗ ಎಂತ ಮಾಡ್ಬೇಕು? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ ಪ್ಲೀಸ್.

ಮಡಿಕೇರಿ ಟೈಲರ್ ಅಕ್ಕ:

ಬಿಚ್ಬೇಡಿ ತಂಗಿ. ಹಳೇ ಸೀರೆ ಬಟ್ಟೆ ಒಂದ್ಸಲ ಹೊಲಿಗೆ ತಿಂದಿದೆ, ಬಿಚ್ಚುವಾಗ ಆ ತೂತಿನ ಸಾಲಲ್ಲೇ ಹರಿಯೋದು ಜಾಸ್ತಿ, ಕೊನೆಗೆ ಸೀರೆನೂ ಇಲ್ಲ ಕೌದಿನೂ ಇಲ್ಲ ಅಂತ ಆಗತ್ತೆ.

ನಾನು ಬ್ಲೌಸ್ ಹೊಲಿಯೋಳು, ಉಳಿದ ತುಂಡಲ್ಲಿ ಕೌದಿನೂ ಹೊಲೀತೀನಿ. ನನ್ ಲೆಕ್ಕದಲ್ಲಿ ಊನ ಎರಡು ಥರ, ಕೌದಿಯ ಆಯಸ್ಸು ಕಮ್ಮಿ ಮಾಡೋದು ಒಂದು, ಬರೀ ಕಣ್ಣಿಗೆ ಕಾಣೋದು ಇನ್ನೊಂದು. ಮೂಲೆ ಕೂಡದೇ ಇರೋದು ಎರಡನೇದು, ಅದರಿಂದ ಏನೂ ಹರಿಯಲ್ಲ, ಅದನ್ನ ಮುಟ್ಟಲೇಬೇಡಿ. ಮೊದಲನೇದನ್ನ ಹುಡುಕಿ. ಪ್ರತಿ ಜೋಡಣೆನೂ ಎರಡೂ ಕಡೆ ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೀರಿ, ಸಂದಿಯಲ್ಲಿ ಬಟ್ಟೆ ಸರಿದು ನೂಲೆಳೆ ಕಂಡ್ರೆ ಅಲ್ಲಿ ಹೊಲಿಗೆ ಅಂಚಿಗೆ ತೀರಾ ಹತ್ರ ಹೋಗಿದೆ ಅಂತ, ನಾಲ್ಕು ಸಲ ಒಗೆಯೋದ್ರೊಳಗೆ ಬಾಯಿ ಬಿಡತ್ತೆ. ಅದ್ರ ಮೇಲೆ ಅದೇ ಸೀರೆಯ ಒಂದು ತುಂಡು ಅಂಚು ಮಡಚಿ ತೇಪೆ ಹಾಕಿ. ಕಿಟಕಿಗೆ ಎದುರು ಹಿಡಿದು ನೋಡಿ, ಯಾವ ತುಂಡಲ್ಲಿ ಬೆಳಕು ಜಾಸ್ತಿ ಒಳಗೆ ಬರತ್ತೋ ಅದು ಸವೆದಿದೆ, ಅದಕ್ಕೂ ಒಂದು ತೇಪೆ. ಹಿಂದಿನ ಮಡಿಕೆ ಹತ್ರ ಮಾತ್ರ ಒಂದು ಗೇಣು ಹೊಲಿಗೆ ಬಿಚ್ಚಿ, ಬಟ್ಟೆ ಸವರಿ ಸರಿಮಾಡಿ ಮತ್ತೆ ಹಾಕಿ, ಪೂರ್ತಿ ಬೇಡ. ಇನ್ನೊಂದು, ಹಿಂದೆ ಉದ್ದುದ್ದ ಸಡಿಲ ಹೊಲಿಗೆ ಇದ್ರೆ ಬಿಡ್ಬೇಡಿ, ಅದು ಕಾಲುಂಗುರಕ್ಕೆ ಸಿಕ್ಕಿ ಒಂದೇ ಎಳೆತಕ್ಕೆ ಸಾಲು ಪೂರ್ತಿ ಬಿಚ್ಕೊಳ್ಳತ್ತೆ.

ಅಂಚು ಯಾಕೆ ಏಳತ್ತೆ ಅಂದ್ರೆ, ಅಂಚಿಗೆ ಹಾಕೋ ಉದ್ದದ ಪಟ್ಟಿನ ಅಳತೆ ಇಲ್ಲದೆ ಹೊಲಿಯುತ್ತಾ ಹೋಗಿ ಕೊನೆಗೆ ಉಳಿದದ್ದು ಕತ್ತರಿಸಿರ್ತೀವಿ, ಮೆಷಿನ್ನು ಮೇಲಿನ ಬಟ್ಟೆ ಕೆಳಗಿನ ಬಟ್ಟೆ ಒಂದೇ ಥರ ಎಳೆಯಲ್ಲ, ಹಾಗಾಗಿ ಪಟ್ಟಿ ಉದ್ದ ಆಗಿಬಿಡತ್ತೆ. ಮುಂದಿನ ಸಲ ಕೌದಿಯ ನಡುಭಾಗದಲ್ಲಿ ಅಳತೆ ತಗೊಳ್ಳಿ, ಅಂಚಲ್ಲಿ ಅಲ್ಲ, ಅಂಚು ಆಗ್ಲೇ ಹಿಗ್ಗಿರತ್ತೆ. ಎರಡೂ ಬದಿ ಪಟ್ಟಿನ ಅದೇ ಅಳತೆಗೆ ಕತ್ತರಿಸಿ, ಮಧ್ಯಕ್ಕೆ ಒಂದು ಪಿನ್ನು ಎರಡು ತುದಿಗೆ ಪಿನ್ನು ಹಾಕಿ ಆಮೇಲೆ ಹೊಲೀರಿ. ಓರೆಯಾಗಿ ಕತ್ತರಿಸಿದ ಅಂಚು ಇದ್ರಂತೂ ಕೈ ಇಟ್ರೆ ಸಾಕು ಹಿಗ್ಗತ್ತೆ.

ಮೂಲೆ ವಿಷಯ. ಒಂದು ಸಾಲಲ್ಲಿ ಹತ್ತು ಚೌಕ ಇದ್ರೆ ಒಂಬತ್ತು ಜೋಡಣೆ. ಒಂದೊಂದು ಹೊಲಿಗೆ ಬರೀ ಇಂಚಿನ ಹದಿನಾರನೇ ಒಂದು ಭಾಗ ಒಳಗೆ ಹೋದ್ರೂ ಎರಡು ತುಂಡಿಂದಲೂ ಅಷ್ಟಷ್ಟು ತಿನ್ನತ್ತೆ, ಸಾಲಿನ ಕೊನೆಗೆ ಒಂದು ಇಂಚಿಗಿಂತ ಜಾಸ್ತಿನೇ ಕಮ್ಮಿ. ಅದಕ್ಕೇ ಮೆಷಿನ್ ತಟ್ಟೆ ಮೇಲೆ ಸೂಜಿಯಿಂದ ಕಾಲು ಇಂಚಿಗೆ ಒಂದು ಟೇಪು ಅಂಟಿಸ್ಕೊಂಡು ಬಟ್ಟೆ ಅಂಚನ್ನ ಅದಕ್ಕೇ ತಾಗಿಸಿ ಹೊಲಿಯೋದು. ಇಸ್ತ್ರಿ ಹಾಕುವಾಗ ಒಂದು ಸಾಲಿನ ಜೋಡಣೆಗಳ ಹಿಂದೆ ಉಳಿಯೋ ಮಡಿಕೆ ಎಲ್ಲಾ ಎಡಕ್ಕೆ, ಮುಂದಿನ ಸಾಲಿಂದು ಬಲಕ್ಕೆ ಮಲಗಿಸಿ, ಎರಡು ಸಾಲು ಸೇರಿಸುವಾಗ ಮಡಿಕೆಗೆ ಮಡಿಕೆ ಕಚ್ಚಿ ಕೂರತ್ತೆ, ಬೆರಳಿಗೇ ಗೊತ್ತಾಗತ್ತೆ.

ಗದಗಿನ ಟೀಚರ್:

ಅಕ್ಕಾರ, ನಾ ಗದಗ ಕಡೆಯಾಕಿ, ಈಗ ವಿರಾಜಪೇಟಿ ಹತ್ರ ಸಾಲಿಯೊಳಗ ಟೀಚರ್. ನಮ್ಮ ಮನಿಯೊಳಗ ಟೇಪು ಹಿಡಿದು ಕೌದಿ ಹೊಲಿದಿದ್ದು ನಾ ನೋಡೇ ಇಲ್ಲ. ಹಳೇ ಇಳಕಲ್ ಸೀರಿ, ಧೋತರ, ಖಣದ ಕುಬಸದ ತುಂಡು, ಏನಿರ್ತದೋ ಅದು. ಅವ್ವ ಪಡಸಾಲಿಯೊಳಗ ಹಾಸಿದ್ಲಂದ್ರ ಓಣಿ ಹೆಣ್ಮಕ್ಕಳೂ ಬರ್ತಿದ್ರು, ಒಬ್ಬೊಬ್ಬಾಕಿ ಒಂದೊಂದು ಬದಿಗೆ ಕುಂತು ಮಾತಾಡ್ಕೋತ ಹೊಲಿಯೂದು. ಹಿಂಗಾಗಿ ಒಂದ ಕೌದಿಯೊಳಗ ನಾಕು ಮಂದಿ ಕೈ ಇರ್ತಿತ್ತು, ಒಬ್ಬಾಕಿದು ಜೋಳದ ಕಾಳಿನಷ್ಟು ಟಾಕಾ, ಇನ್ನೊಬ್ಬಾಕಿದು ಅವಸರದ ಉದ್ದ ಟಾಕಾ, ಒಬ್ಬಾಕಿ ಸಾಲು ಮಾತಿನ ಭರದಾಗ ಸೊಟ್ಟ. ನಾವು ಹುಡುಗೂರು ಮಕ್ಕೊಂಡು ಟಾಕಾ ಮ್ಯಾಲೆ ಕೈ ಆಡಿಸಿ ಇದು ಯಾರ ಕೈ ಅಂತ ಹೇಳ್ತಿದ್ವಿ. ಆ ಸೊಟ್ಟ ಸಾಲು ಕೆಟ್ಟದ್ದು ಅಂತ ನಮಗ ಯಾರೂ ಹೇಳಿದ್ದಿಲ್ಲ.

ನಿಮ್ಮ ಅವ್ವಾರ ಸೀರಿ ಅಂದ್ರಿ, ಒಂದು ಕೆಲಸ ಮಾಡ್ರಿ. ಕೌದಿನ ಮಂಚದ ಮ್ಯಾಲೆ ಹಾಸಿ ಬಾಗಿಲದಾಗ ನಿಂತು ಫೋಟೋ ತಗೀರಿ, ಅದನ್ನ ಫೋನಿನಾಗ ಬ್ಲ್ಯಾಕ್ ಅಂಡ್ ವೈಟ್ ಮಾಡಿ ನೋಡ್ರಿ. ಬಣ್ಣ ಹೋದ ಮ್ಯಾಲೆ ಯಾವ ತುಂಡು ಕಪ್ಪ ಕಾಣ್ತೈತಿ, ಯಾವುದು ತಿಳಿ, ಎಲ್ಲಿ ಕಪ್ಪೆಲ್ಲಾ ಒಂದ ಕಡೆ ಗುಂಪಾಗೇತಿ ಅಂತ ಗೊತ್ತಾಗ್ತೈತಿ. ಕೌದಿ ಚಂದ ಕಾಣೂದು ಬಿಡೂದು ಬಾಳ ಮಟ್ಟಿಗೆ ಅದರ ಮ್ಯಾಲೆ ಅದ, ಮೂಲಿ ಮ್ಯಾಲೆ ಅಲ್ಲ. ಇನ್ನ ಕೈಹೊಲಿಗಿ ಸುಧಾರಿಸಬೇಕಂದ್ರ ಸಣ್ಣ ಟಾಕಾದ ಬೆನ್ನ ಹತ್ತಬ್ಯಾಡ್ರಿ, ಟಾಕಾಕ್ಕೂ ನಡುವಿನ ಜಾಗಕ್ಕೂ ಸಮ ಬರೂ ಹಂಗ ನೋಡ್ಕೋರಿ, ದೊಡ್ಡದಿದ್ರೂ ಸಮ ಇದ್ರ ಕಣ್ಣಿಗೆ ಹಿತ. ಬೆರಳಿಗೆ ಅಂಗುಸ್ತಾನ, ಅಂದ್ರ ಸೂಜಿ ಚುಚ್ಚಲಾರದಂಗ ಹಾಕ್ಕೊಳ್ಳೂ ಟೊಪ್ಪಿಗಿ, ಹಾಕ್ಕೋರಿ, ಇಲ್ಲಾಂದ್ರ ಬೆರಳು ನೂಯಕ್ಕತ್ತಿದ ಮ್ಯಾಲೆ ಟಾಕಾ ತಾನ ಉದ್ದ ಆಗ್ತಾವ.

ಯಲ್ಲಾಪುರದವ, ಸದ್ಯ ಕುಶಾಲನಗರ:

ಹೊಲಿಗೆ ನನಗೆ ಬರೋದಿಲ್ಲ, ಆದ್ರೆ ನಮ್ಮೂರ ಕಡೆ ಸಿದ್ದಿ ಜನಾಂಗದ ಹೆಂಗಸರು ಹೊಲಿಯೋ ಕವಂದಿ, ಅಂದ್ರೆ ಅವರ ಕೌದಿ, ನೋಡ್ತಾ ಬೆಳೆದವ, ಅದಕ್ಕೇ ಬರೀತಿದ್ದೇನೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಇದ್ದಾರೆ, ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ವಂಶ, ಅವರಲ್ಲಿ ಹಿಂದೂ ಮುಸ್ಲಿಂ ಕ್ರೈಸ್ತ ಮೂರೂ ಇದ್ದಾರೆ. ಅವ್ರು ಚೌಕ ಕತ್ತರಿಸಿ ಜೋಡಿಸೋದಿಲ್ಲ. ಅಡಿಗೆ ಒಂದು ಸೀರೆ ಹಾಸಿ ಒಂದು ಮೂಲೆಯಿಂದ ಶುರು, ಸಿಕ್ಕಿದ ತುಂಡಿನ ಅಂಚು ಬೆರಳಲ್ಲೇ ಮಡಚಿ ಇಡೋದು, ಹೊಲಿಯೋದು, ಪಕ್ಕಕ್ಕೆ ಇನ್ನೊಂದು, ಹಾಗೇ ಸುತ್ತು ಹಾಕ್ತಾ ಒಳಗೆ ಒಳಗೆ ಬಂದು ನಡುವಿಗೆ ಮುಗಿಯತ್ತೆ. ನಕ್ಷೆ ಇಲ್ಲ, ಮುಂದಿನ ತುಂಡು ಯಾವುದು ಅಂತ ಆ ಕ್ಷಣದಲ್ಲೇ ನಿರ್ಧಾರ. ಕೊನೆಗೆ ನಾಲ್ಕು ಮೂಲೆಗೆ ಬಣ್ಣದ ಚೂರನ್ನ ತ್ರಿಕೋನವಾಗಿ ಮಡಚಿ ಹೂವಿನ ಹಾಗೆ ಹೊಲೀತಾರೆ, ಅದಿಲ್ಲದೆ ಕವಂದಿ ಮುಗಿದ ಹಾಗಲ್ಲ. ಗೆರೆಗಳೆಲ್ಲಾ ಬಾಗಿರತ್ತೆ, ನೋಡೋಕೆ ಕೂತ್ರೆ ಕಣ್ಣು ತೆಗೆಯೋಕಾಗಲ್ಲ.

ಅಮೆರಿಕದ ಅಲಬಾಮಾದಲ್ಲೂ ನದಿ ತಿರುವಲ್ಲಿ ಗೀಸ್ ಬೆಂಡ್ ಅಂತ ಒಂದು ಊರಿದೆ, ಹತ್ತಿ ತೋಟದಲ್ಲಿ ಗುಲಾಮರಾಗಿದ್ದ ಕಪ್ಪು ಜನರ ಮೊಮ್ಮಕ್ಕಳು ಮರಿಮಕ್ಕಳು ಇರೋ ಊರು. ಅಲ್ಲಿನ ಹೆಂಗಸರು ಗದ್ದೆ ಕೆಲಸಕ್ಕೆ ಹಾಕಿ ಸವೆದ ಪ್ಯಾಂಟು ಅಂಗಿಗಳಲ್ಲೇ ಹೊಲಿದಿದ್ದು, ಮಂಡಿ ಹತ್ರ ಬಣ್ಣ ಮಾಸಿದ ಜಾಗನೂ ಹಾಗೇ ಕಾಣತ್ತೆ. 2002ರಲ್ಲಿ ಹ್ಯೂಸ್ಟನ್ನಿನ ದೊಡ್ಡ ಕಲಾ ಮ್ಯೂಸಿಯಂನಲ್ಲಿ ಅದರ ಪ್ರದರ್ಶನ ಆಯ್ತು, 2006ರಲ್ಲಿ ಅಲ್ಲಿಯ ಸರ್ಕಾರ ಆ ಕೌದಿಗಳ ಅಂಚೆಚೀಟಿನೂ ತಂತು. ನೆಟ್ಟಲ್ಲಿ ಫೋಟೋ ಸಿಗತ್ತೆ, ಒಂದು ಸಂಜೆ ಕೂತು ನೋಡಿ ಮೇಡಂ, ಆಮೇಲೆ ನಿಮ್ಮದನ್ನ ನೋಡಿ.

ನಾಪೋಕ್ಲು ಹೋಮ್‌ಸ್ಟೇ:

ಎಲ್ಲರೂ ಹೇಳಿದ್ದು ಸರಿ ಉಂಟು, ಆದ್ರೂ ಒಂದು ಮಾತು. ಸಿದ್ದಿ ಹೆಂಗಸರ ಕವಂದಿಯಲ್ಲಿ ಗೆರೆ ಬಾಗಿದ್ದು ಕೈ ಪಳಗದೇ ಅಲ್ಲ. ನಮ್ಮ ರೂಮಿಗೆ ಅಂತ ಎರಡು ತರಿಸಿದ್ದೆ, ಹಿಂದ್ಗಡೆ ತಿರುಗಿಸಿ ನೋಡಿದ್ರೆ ಸಾಲಿಗೆ ಸಾಲು ಒತ್ತೊತ್ತಾಗಿ ಬಂದಿದೆ, ಎಲ್ಲೂ ಬಟ್ಟೆ ಗುಳ್ಳೆ ಎದ್ದಿಲ್ಲ, ಗೆಸ್ಟ್‌ಗಳು ವರ್ಷಗಟ್ಟಲೆ ಹೊದ್ದು ಒಗೆದು ಮಾಡಿದ್ರೂ ಒಂದು ಎಳೆ ಬಿಟ್ಟಿಲ್ಲ. ಹಾಗಾಗಿ ಕೈಕೆಲಸ ಅಂದ್ರೆ ಹೇಗಿದ್ರೂ ಚೆಂದ ಅಂತ ಹೇಳೋದು ಅವರ ಕೆಲಸಕ್ಕೂ ಮರ್ಯಾದೆ ಅಲ್ಲ. ಈ ಕಡೆ ಕೆಲವು ಕಡೆ ಹ್ಯಾಂಡ್‌ಮೇಡ್ ಅಂತ ಬೋರ್ಡ್ ಹಾಕಿ ಪಾಲಿಯೆಸ್ಟರ್ ತುಂಡಿನ ಸಡಿಲ ಹೊಲಿಗೆದು ಮಾರ್ತಾರೆ, ಒಂದು ಒಗೆತಕ್ಕೆ ಮುಗೀತು, ಬೇಜಾರಾಗತ್ತೆ. ಮನೆಗೆ ಹೊಲಿದದ್ದು ಮೂಲೆ ಸೇರದಿದ್ರೂ ನಡೆಯತ್ತೆ ಅಕ್ಕ, ಮಾರೋದಾದ್ರೆ ಟೈಲರ್ ಅಕ್ಕ ಹೇಳಿದ ಎಳೆದು ನೋಡೋ ಪರೀಕ್ಷೆ ಎಲ್ಲಾ ಜೋಡಣೆಗೂ ಮಾಡ್ಲೇಬೇಕು.

ಸುಂಟಿಕೊಪ್ಪದ ಸೊಸೆ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರವಾಗಿ ಬರೀತಾರೆ ಅಂದ್ಕೊಂಡಿರ್ಲಿಲ್ಲ. ಎಳೆದು ನೋಡಿದೆ, ಕಾಲು ಬರೋ ಕಡೆ ಎರಡು ಜೋಡಣೆ ಸರಿಯುತ್ತೆ, ಹಸಿರು ವಾಯಿಲ್ ಸೀರೆ ತುಂಡೊಂದು ತುಂಬಾ ತೆಳ್ಳಗಾಗಿದೆ, ಅದಕ್ಕೆಲ್ಲಾ ತೇಪೆ ಹಾಕ್ತೀನಿ. ಬ್ಲ್ಯಾಕ್ ಅಂಡ್ ವೈಟ್ ಫೋಟೋ ನೋಡಿ ಖುಷಿ ಆಯ್ತು ಟೀಚರ್, ಅಮ್ಮನ ಎರಡು ಕಡು ಸೀರೆ ಓರೆಯಾಗಿ ಒಂದು ಸಾಲು ಬಂದಿದೆ, ನಾನು ಅದನ್ನ ಗಮನಿಸಿಯೇ ಇರ್ಲಿಲ್ಲ. ಮೂಲೆ ಹಾಗೇ ಇರ್ಲಿ ಅಂತ ಬಿಟ್ಟೆ. ಈಗ ಒಗೆಯೋದು ಹೇಗೆ ಹೇಳಿ, ಒಂದು ಕೆಂಪು ಸೀರೆ ಇದೆ ಬಣ್ಣ ಬಿಡತ್ತಾ ಅಂತ ಭಯ, ಇಲ್ಲಿ ಬಿಸಿಲೂ ಸರಿಯಾಗಿ ಬಂದಿಲ್ಲ ಇನ್ನೂ.

ಮಡಿಕೇರಿ ಟೈಲರ್ ಅಕ್ಕ:

ಈಗ ಒಗೀಲೇಬೇಡಿ ತಂಗಿ. ನಮ್ಮ ಕೊಡಗಿನ ಥಂಡಿಗೆ ಇಷ್ಟು ಪದರದ ಬಟ್ಟೆ ಒಳಗೆ ಒಣಗಲ್ಲ, ಮೇಲೆ ಒಣಗಿದ ಹಾಗೆ ಕಾಣತ್ತೆ, ಮಡಚಿಟ್ರೆ ವಾರದಲ್ಲಿ ಬೂಷ್ಟಿನ ವಾಸನೆ, ಆಮೇಲೆ ಕಪ್ಪು ಚುಕ್ಕಿ, ಆ ಚುಕ್ಕಿ ಮತ್ತೆ ಹೋಗಲ್ಲ. ಡಿಸೆಂಬರ್ ಜನವರಿಯಲ್ಲಿ ಕಾಫಿ ಒಣಗಿಸೋ ಹೊತ್ತಿಗೆ ಒಳ್ಳೇ ಬಿಸಿಲು ಬರತ್ತೆ, ಆಗ ಒಗೀರಿ. ಅಷ್ಟರವರೆಗೆ ಹೊದ್ಕೊಳ್ಳಿ, ಬಿಸಿಲು ಬಂದ ದಿನ ಹೊರಗೆ ಹಾಕಿ ಗಾಳಿ ಆಡಿಸಿ, ಪ್ಲಾಸ್ಟಿಕ್ ಕವರಲ್ಲಿ ಮಾತ್ರ ಕಟ್ಟಿಡ್ಬೇಡಿ.

ಕೆಂಪಿಗೆ, ಬಿಳಿ ಬಟ್ಟೆ ಚೂರು ಒದ್ದೆ ಮಾಡಿ ಆ ತುಂಡಿನ ಮೇಲೆ ಗಟ್ಟಿ ಉಜ್ಜಿ ನೋಡಿ. ಬಣ್ಣ ಹತ್ತಿದ್ರೆ ನೆನೆಹಾಕಿ ಬಿಟ್ಟು ಹೋಗ್ಬೇಡಿ, ದೊಡ್ಡ ಪಾತ್ರೇಲಿ ಜಾಸ್ತಿ ತಣ್ಣೀರು ಹಾಕಿ ಬೇಗ ಅದ್ದಿ ತೆಗೀರಿ, ನೀರು ತಿಳಿ ಆಗೋವರೆಗೂ ಬದಲಾಯಿಸ್ತಾ ಇರಿ. ಹಿಂಡೋಕೆ ಹೋಗ್ಬೇಡಿ, ನೆಂದ ಕೌದಿ ಭಾರಕ್ಕೇ ಹಳೇ ಬಟ್ಟೆ ಹರಿಯತ್ತೆ, ಇಬ್ರು ಹಿಡಿದು ಎತ್ತಿ, ನೀರು ಇಳಿಯೋಕೆ ಬಿಟ್ಟು ಕಣದಲ್ಲಿ ಬೆಡ್‌ಶೀಟ್ ಹಾಸಿ ಅದ್ರ ಮೇಲೆ ಅಡ್ಡಡ್ಡ ಹರಡಿ, ಹಗ್ಗಕ್ಕೆ ಬೇಡ. ಅಡಿಗೆ ಹಾಕಿದ ಬಿಳಿ ಬಟ್ಟೆ ಮೊದ್ಲೇ ನೀರಿಗೆ ಹಾಕದೇ ಹೊಲಿದಿದ್ರೆ ಒಗೆದ ಮೇಲೆ ಸ್ವಲ್ಪ ಸೇದ್ಕೊಳ್ಳತ್ತೆ, ಕೌದಿ ಪೂರ್ತಿ ಸಣ್ಣ ಸಣ್ಣ ಸುಕ್ಕು ಬರತ್ತೆ, ಗಾಬರಿ ಆಗ್ಬೇಡಿ, ಅದ್ರಲ್ಲಿ ನಿಮ್ಮ ಅಂಚಿನ ಅಲೆನೂ ಸುಮಾರು ಮುಚ್ಚಿಹೋಗತ್ತೆ. ಮುಂದಿನದ್ದಕ್ಕೆ ಬಟ್ಟೆ ತಂದ ದಿನವೇ ನೆನೆಹಾಕಿ ಒಣಗಿಸಿಟ್ಕೊಳ್ಳಿ. ತುಂಡು ಬೇಕಾದ್ರೆ ಶುಕ್ರವಾರ ಸಂತೆಗೆ ಬರುವಾಗ ಹೇಳಿ, ಕಾಟನ್ ಲೈನಿಂಗ್ ಚೂರು ನನ್ನತ್ರ ಒಂದು ಚೀಲ ಇದೆ.