ಹೊಟ್ಟೆ ಸರಿಹೋಗುತ್ತಿಲ್ಲ: ಮೊದಲು ಪರೀಕ್ಷೆಯೋ, ಪಥ್ಯವೋ?

ಹಸಿರೆಲೆ ಕೇಳಿದ್ದು:

ವಯಸ್ಸು 36. ಎಂಟು ತಿಂಗಳಿಂದ ಹೊಟ್ಟೆಯುಬ್ಬರ, ಊಟವಾದ ಮೇಲೆ ಹೊಕ್ಕುಳ ಕೆಳಗೆ ನುಲಿತ. ಎರಡು ದಿನ ಮಲಬದ್ಧತೆ, ಮೂರನೇ ದಿನ ಭೇದಿ. ಅಲ್ಟ್ರಾಸೌಂಡ್ ನಾರ್ಮಲ್. ಎರಡು ತಿಂಗಳಿಂದ ಪ್ಯಾಂಟೊಪ್ರಜೋಲ್ ನಡೆದಿದೆ, ಹೊಟ್ಟೆ ಮಾತ್ರ ಹಾಗೇ ಇದೆ. ಒಬ್ಬರು ಗೋಧಿ ಬಿಡಿ ಅಂತಾರೆ, ಇನ್ನೊಬ್ಬರು ಹಾಲು ಬಿಡಿ ಅಂತಾರೆ, ಮತ್ತೊಬ್ಬರು ಫುಡ್ ಇನ್‌ಟಾಲರೆನ್ಸ್ ರಕ್ತಪರೀಕ್ಷೆ ಮಾಡಿಸಿ ಅಂತಾರೆ. ವೈದ್ಯರ ಔಷಧದ ಜೊತೆಗೇ ಗಿಡಮೂಲಿಕೆ, ಉಸಿರಾಟದ ಅಭ್ಯಾಸ, ಪಥ್ಯ ಎಲ್ಲವನ್ನೂ ನೋಡುವ ಮನಸ್ಸಿದೆ. ಎಲ್ಲಿಂದ ಶುರು ಮಾಡಲಿ?

ಅಳತೆಗೋಲು:

ಗೋಧಿಯನ್ನು ಈಗಲೇ ಬಿಡಬೇಡಿ. ಸೀಲಿಯಾಕ್ ಎಂಬ, ಕರುಳಿನ ಒಳಪದರ ಕೆಡುವ ಕಾಯಿಲೆಗೆ ಮಾಡುವ ಟಿಟಿಜಿ-ಐಜಿಎ ರಕ್ತಪರೀಕ್ಷೆ ಹುಡುಕುವುದು, ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ತಿಂದಾಗ ಈ ಕಾಯಿಲೆಯವರ ದೇಹ ತಯಾರಿಸುವ ಪ್ರತಿಕಾಯವನ್ನು. ತಿನ್ನುವುದು ನಿಂತರೆ ಪ್ರತಿಕಾಯವೂ ಇಳಿಯುತ್ತದೆ, ಕಾಯಿಲೆ ಇದ್ದರೂ ರಿಪೋರ್ಟ್ ನೆಗೆಟಿವ್ ಬರಬಹುದು. ಆಗಲೇ ಬಿಟ್ಟಿದ್ದರೆ ಕನಿಷ್ಠ 6 ವಾರ, ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತು ಗ್ಲುಟೆನ್ ಇರುವ ಊಟ ಮಾಡಿ ಆಮೇಲೆ ರಕ್ತ ಕೊಡಬೇಕು. ಜೊತೆಗೆ ಒಟ್ಟು ಐಜಿಎ (ಒಂದು ಬಗೆಯ ಪ್ರತಿಕಾಯ) ಪ್ರಮಾಣವನ್ನೂ ಬರೆಸಿಕೊಳ್ಳಿ. ಅದು ಕಡಿಮೆ ಇರುವವರಲ್ಲಿ ಮೊದಲನೇ ಪರೀಕ್ಷೆಯ ನೆಗೆಟಿವ್ ನಂಬುವಂತಿಲ್ಲ.

ಉಳಿದ ಪಟ್ಟಿ ಚಿಕ್ಕದು: ರಕ್ತಕಣಗಳ ಎಣಿಕೆ, ಸಿಆರ್‌ಪಿ (ದೇಹದ ಉರಿಯೂತದ ಸೂಚಕ), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಮಲದ ಕ್ಯಾಲ್‌ಪ್ರೊಟೆಕ್ಟಿನ್ (ಕರುಳಿನ ಉರಿಯೂತದ ಸೂಚಕ). ಕೊನೆಯದನ್ನು ನೀವೇ ಕೇಳಬೇಕಾಗಬಹುದು. ಗ್ರಾಂಗೆ 50 ಮೈಕ್ರೋಗ್ರಾಂಗಿಂತ ಕಡಿಮೆ ಬಂದರೆ ಕರುಳಿನ ಉರಿಯೂತದ ಸಾಧ್ಯತೆ ತೀರಾ ಕಡಿಮೆ. 250 ದಾಟಿದರೆ ಕೊಲೊನೋಸ್ಕೋಪಿಯ ಮಾತು ಬರುತ್ತದೆ. ನಡುವೆ ನಿಂತರೆ, ಹಿಂದಿನ ದಿನಗಳಲ್ಲಿ ಐಬುಪ್ರೊಫೇನ್ ಅಥವಾ ಡೈಕ್ಲೊಫೆನಾಕ್ ನುಂಗಿದ್ದಿರಾ ನೋಡಿ. ನೋವಿನ ಮಾತ್ರೆಯೂ ಈ ಅಂಕಿಯನ್ನು ಏರಿಸುತ್ತದೆ. ಅದನ್ನು ನಿಲ್ಲಿಸಿ, ಕೆಲವು ವಾರ ಬಿಟ್ಟು ಮತ್ತೆ ಮಾಡಿಸುತ್ತಾರೆ.

ಅಲ್ಟ್ರಾಸೌಂಡ್ ನಾರ್ಮಲ್ ಅಂದರೆ ಪಿತ್ತಕೋಶದಲ್ಲಿ ಕಲ್ಲಿಲ್ಲ, ಯಕೃತ್ತು, ಕಿಡ್ನಿ ನೋಡಲು ಸರಿಯಾಗಿವೆ ಅಂತಷ್ಟೇ. ಕರುಳಿನ ಒಳಪದರದ ಬಗ್ಗೆ ಅದು ಹೆಚ್ಚೇನೂ ಹೇಳದು. ಪ್ಯಾಂಟೊಪ್ರಜೋಲ್ ಆಸಿಡ್ ತಡೆಯುವ ಔಷಧ. ಹೊಕ್ಕುಳ ಕೆಳಗಿನ ನುಲಿತಕ್ಕೆ ಅದು ನಾಟದಿದ್ದರೆ ಆಶ್ಚರ್ಯವೇನಿಲ್ಲ, ಕೆಲವರಲ್ಲಿ ಅದೇ ಭೇದಿ ತರಿಸುವುದೂ ಉಂಟು. ಮೇಲ್ಹೊಟ್ಟೆಯಲ್ಲೂ ಉರಿ ಇದ್ದು ಹೆಲಿಕೋಬ್ಯಾಕ್ಟರ್ ಎಂಬ ಹೊಟ್ಟೆಯ ಬ್ಯಾಕ್ಟೀರಿಯಾಕ್ಕೆ ಉಸಿರಿನ ಅಥವಾ ಮಲದ ಪರೀಕ್ಷೆ ಬರೆದರೆ, ಈ ಮಾತ್ರೆ 2 ವಾರ ಮುಂಚೆ, ಆಂಟಿಬಯೋಟಿಕ್ 4 ವಾರ ಮುಂಚೆ ನಿಂತಿರಬೇಕು, ಇಲ್ಲದಿದ್ದರೆ ಸುಳ್ಳು ನೆಗೆಟಿವ್. ಹುಣ್ಣು ಆಗಿದ್ದವರು, ಆಸ್ಪಿರಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಮಲದಲ್ಲಿ ರಕ್ತ, ಟಾರಿನಂಥ ಕಪ್ಪು ಮಲ, ಪ್ರಯತ್ನವಿಲ್ಲದೆ ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಭೇದಿ, ರಕ್ತಹೀನತೆ, ನುಂಗಲು ಕಷ್ಟ, ಮನೆತನದಲ್ಲಿ ಕರುಳಿನ ಕ್ಯಾನ್ಸರ್: ಇವುಗಳಲ್ಲಿ ಒಂದಿದ್ದರೂ ಪಥ್ಯ ಗಿಥ್ಯ ಪಕ್ಕಕ್ಕಿಟ್ಟು ನೇರವಾಗಿ ಗ್ಯಾಸ್ಟ್ರೋಎಂಟರಾಲಜಿಸ್ಟ್ ಹತ್ತಿರ ಹೋಗಿ.

ಆ ಫುಡ್ ಇನ್‌ಟಾಲರೆನ್ಸ್ ಪ್ಯಾನೆಲ್‌ಗೆ ದುಡ್ಡು ಸುರಿಯಬೇಡಿ. ಅದು ಅಳೆಯುವುದು ಐಜಿಜಿ ಎಂಬ ಇನ್ನೊಂದು ಬಗೆಯ ಪ್ರತಿಕಾಯವನ್ನು. ನೀವು ಯಾವುದನ್ನು ಹೆಚ್ಚು ತಿನ್ನುತ್ತೀರೋ ಅದಕ್ಕೇ ಐಜಿಜಿ ಇರುತ್ತದೆ. ನಿಮ್ಮ ತಟ್ಟೆಯ ಪಟ್ಟಿಯನ್ನೇ ನಿಮಗೆ ಮಾರಿದಂತೆ.

ಬೇರುನಾರು:

ಗಿಡಮೂಲಿಕೆ ಎಂದರೆ ಏನೂ ಅಪಾಯವಿಲ್ಲದ್ದು ಎಂಬ ಭಾವನೆ ಬಿಟ್ಟು ಹೊರಡಿ. ಮಲಬದ್ಧತೆಗೆ ಮಾರುವ ಬಹಳಷ್ಟು ಚೂರ್ಣಗಳಲ್ಲಿ ನಿಜವಾಗಿ ಕೆಲಸ ಮಾಡುವುದು ಸೋನಾಮುಖಿ. ಅದು ಕರುಳಿನ ಗೋಡೆಯನ್ನು ಕೆರಳಿಸಿ ಹಿಂಡಿಸುತ್ತದೆ. ರಾತ್ರಿ ತೆಗೆದುಕೊಂಡರೆ ಬೆಳಗ್ಗೆ ನುಲಿತ, ಭೇದಿ. ನಿಮ್ಮ ಆ ಮೂರನೇ ದಿನ ಅಂಥದ್ದೇನಾದರೂ ತಿಂದ ಮರುದಿನವೇ ಬರುತ್ತಿದೆಯಾ ನೋಡಿ. ಜ್ಯೇಷ್ಠಮಧು ಹೆಚ್ಚು ದಿನ ಹೋದರೆ ಪೊಟ್ಯಾಸಿಯಂ ಇಳಿಸಿ ಬಿಪಿ ಏರಿಸುತ್ತದೆ. ಪದಾರ್ಥಗಳ ಪಟ್ಟಿಯೇ ಇಲ್ಲದ ಪುಡಿ, ಭಸ್ಮಗಳಲ್ಲಿ ಸೀಸ, ಪಾದರಸ ಇರುವ ಅಪಾಯ ನಿಜ. ಸೀಸ ತಾನೇ ಹೊಟ್ಟೆನೋವು, ಮಲಬದ್ಧತೆ ತರುತ್ತದೆ ಎಂಬುದು ಇದರ ಕ್ರೂರ ತಮಾಷೆ.

ಪುರಾವೆ ಇರುವ ಎರಡು ಇವೆ. ಮೊದಲನೆಯದು ಪುದೀನ ಎಣ್ಣೆ, ಕರುಳಿಗೆ ಹೋಗಿ ಕರಗುವ ಲೇಪನದ ಕ್ಯಾಪ್ಸೂಲ್, ಸುಮಾರು 0.2 ಮಿಲಿ, ದಿನಕ್ಕೆ ಮೂರು ಬಾರಿ, ಊಟಕ್ಕೆ 30ರಿಂದ 60 ನಿಮಿಷ ಮೊದಲು. ಮೆಂಥಾಲ್ ಕರುಳಿನ ಸ್ನಾಯುವನ್ನು ಸಡಿಲಿಸುತ್ತದೆ. ಅಗಿದರೆ, ಅಥವಾ ಆಂಟಾಸಿಡ್ ಜೊತೆ ನುಂಗಿದರೆ ಲೇಪನ ಬೇಗ ಒಡೆದು ಅನ್ನನಾಳದ ಕೆಳಗಿನ ಬಾಗಿಲೂ ಸಡಿಲವಾಗುತ್ತದೆ. ಆಗ ಎದೆಯುರಿ.

ಎರಡನೆಯದು ಇಸಬಗೋಲು. ದಿನಕ್ಕೆ 3 ಗ್ರಾಂನಿಂದ ಶುರು ಮಾಡಿ, ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಏರಿಸಿ 10 ಗ್ರಾಂ ಆಸುಪಾಸಿಗೆ ಬನ್ನಿ. ಪ್ರತಿ ಸಲ 250 ಮಿಲಿ ನೀರಿನಲ್ಲಿ ಕಲಸಿ ಗಟ್ಟಿಯಾಗುವ ಮುಂಚೆ ಕುಡಿಯಬೇಕು. ಮೊದಲ ದಿನವೇ ಎರಡು ದೊಡ್ಡ ಚಮಚ ಹಾಕಿಕೊಂಡು ಉಬ್ಬರವಾಯಿತು ಎಂದು ಬಿಟ್ಟವರೇ ಹೆಚ್ಚು. ಬೇರೆ ಔಷಧಗಳಿಂದ ಎರಡು ಗಂಟೆ ದೂರವಿಡಿ. ಗೋಧಿ ತೌಡು ಇದಕ್ಕೆ ಬದಲಿಯಲ್ಲ, ಉಬ್ಬರ ಹೆಚ್ಚಿಸುತ್ತದೆ.

ಹಸಿರೆಲೆ:

ಎರಡನ್ನೂ ಒಟ್ಟಿಗೇ ಶುರು ಮಾಡಬಹುದಾ? ಪಥ್ಯ ಎಷ್ಟು ದಿನ ಮಾಡಬೇಕು?

ಪಥ್ಯದಪುಟ:

ಬೇಡ. ಒಂದಕ್ಕೆ 4 ವಾರ ಕೊಡಿ, ಆಮೇಲೆ ಇನ್ನೊಂದು. ಒಟ್ಟಿಗೆ ಹಾಕಿದರೆ ಗುಣವಾದರೂ ಯಾವುದರಿಂದ ಎಂದು ಗೊತ್ತಾಗುವುದಿಲ್ಲ, ಕೆಟ್ಟರೂ ಗೊತ್ತಾಗುವುದಿಲ್ಲ.

ಅದಕ್ಕೂ ಮೊದಲು ಎರಡು ವಾರ ಏನನ್ನೂ ಬದಲಿಸದೆ ಬರೆದಿಡಿ. ಒಂದು ಸಾಲು ಹೀಗಿರಲಿ: "ಮಂಗಳವಾರ, ಮಧ್ಯಾಹ್ನ 1.30 ಊಟ, ಈರುಳ್ಳಿ ಇತ್ತು, ಹಾಲು 200 ಮಿಲಿ. 4 ಗಂಟೆಗೆ ಉಬ್ಬರ, ತೀವ್ರತೆ 10ರಲ್ಲಿ 6. ಮಲ ಸಂಜೆ 6ಕ್ಕೆ, ನಮೂನೆ 6. ರಾತ್ರಿ ನಿದ್ದೆ 5 ಗಂಟೆ." ನಮೂನೆ ಎಂದರೆ, ಮಲದ ರೂಪವನ್ನು 1ರಿಂದ 7ರವರೆಗೆ ವಿಂಗಡಿಸುವ ಬ್ರಿಸ್ಟಲ್ ಚಾರ್ಟಿನ ಸಂಖ್ಯೆ. 1, 2 ಮಲಬದ್ಧತೆ. 6, 7 ಭೇದಿ. ಮೆಟ್‌ಫಾರ್ಮಿನ್, ಕಬ್ಬಿಣದ ಮಾತ್ರೆ, ಮೆಗ್ನೀಸಿಯಂ ಇರುವ ಆಂಟಾಸಿಡ್, ಸಾರ್ಬಿಟಾಲ್ ಇರುವ ಸಕ್ಕರೆರಹಿತ ಚೂಯಿಂಗ್ ಗಮ್, ಇವನ್ನೂ ಬರೆಯಿರಿ. ಹತ್ತು ನಿಮಿಷದ ಭೇಟಿಯಲ್ಲಿ ವೈದ್ಯರಿಗೆ ದಪ್ಪ ಫೈಲಿಗಿಂತ ಈ ಪುಟವೇ ಉಪಯೋಗ. ಐಬಿಎಸ್ (ಕೆರಳುವ ಕರುಳಿನ ತೊಂದರೆ) ಗುರುತಿಸಲು ವೈದ್ಯರು ಬಳಸುವ 2016ರ ರೋಮ್ 4 ಮಾನದಂಡವೂ ಕೇಳುವುದು ಇದನ್ನೇ: ಮೂರು ತಿಂಗಳಿಂದ ವಾರಕ್ಕೆ ಒಂದು ದಿನವಾದರೂ ನೋವು, ಮತ್ತು ಆ ನೋವಿಗೆ ಮಲವಿಸರ್ಜನೆ, ಅದು ಎಷ್ಟು ಸಲ ಎಂಬುದರ ಬದಲಾವಣೆ, ಮಲದ ರೂಪದ ಬದಲಾವಣೆ ಇವುಗಳಲ್ಲಿ ಎರಡರ ಜೊತೆಗಾದರೂ ನಂಟು. ತೊಂದರೆ ಶುರುವಾಗಿ ಆರು ತಿಂಗಳಾಗಿರಬೇಕು.

ಪರೀಕ್ಷೆಗಳು ಸರಿ ಬಂದ ಮೇಲೆ ಕಡಿಮೆ ಫಾಡ್‌ಮ್ಯಾಪ್ ಪಥ್ಯ. ಫಾಡ್‌ಮ್ಯಾಪ್ ಎಂದರೆ ಸಣ್ಣಕರುಳಿನಲ್ಲಿ ಸರಿಯಾಗಿ ಹೀರದೆ ಮುಂದೆ ಹುಳಿದು ಗ್ಯಾಸ್ ಮಾಡುವ ಕೆಲವು ಕಾರ್ಬೋಹೈಡ್ರೇಟ್‌ಗಳ ಗುಂಪುಗಳು. ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ್ದು. ಬಿಡುವ ಹಂತ 2ರಿಂದ 6 ವಾರ, ಅಷ್ಟೇ. ಜನ ಎಡವುವುದು ಇಲ್ಲಿ: ಹಾಯೆನಿಸಿತು ಎಂದು ವರ್ಷಗಟ್ಟಲೆ ಅದರಲ್ಲೇ ಉಳಿಯುತ್ತಾರೆ. ಕರುಳಿಗೆ ಬೇಕಾದ ಬೈಫಿಡೋಬ್ಯಾಕ್ಟೀರಿಯಾ ಕಡಿಮೆಯಾಗುತ್ತವೆ, ನಾರು, ಕ್ಯಾಲ್ಸಿಯಂ ಕೊರತೆ ಬೀಳುತ್ತದೆ. ಮರಳಿ ಸೇರಿಸುವಾಗ ಒಂದು ಸಲಕ್ಕೆ ಒಂದೇ ಗುಂಪು, ಮೂರು ದಿನ, ದಿನದಿನಕ್ಕೆ ಪ್ರಮಾಣ ಏರಿಸುತ್ತಾ. ಲ್ಯಾಕ್ಟೋಸ್‌ಗೆ ಹಾಲು 60, 125, 250 ಮಿಲಿ. ಫ್ರಕ್ಟಾನ್‌ಗೆ (ಗೋಧಿ, ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವ ಒಂದು ಕಾರ್ಬೋಹೈಡ್ರೇಟ್) ಬೆಳ್ಳುಳ್ಳಿ ಕಾಲು ಎಸಳು, ಅರ್ಧ, ಒಂದು. ಆಮೇಲೆ ಎರಡು ಮೂರು ದಿನ ಬಿಡುವು, ನಂತರ ಮುಂದಿನ ಗುಂಪು. ಗೋಧಿ ಆಗುವುದಿಲ್ಲ ಎನ್ನುವ ಹಲವರಿಗೆ ಆಗದಿರುವುದು ಗ್ಲುಟೆನ್ ಅಲ್ಲ, ಈ ಫ್ರಕ್ಟಾನ್. ಅದು ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಇಲ್ಲ. ಹಾಗಾಗಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಕಾಯಿಸಿ ಎಸಳು ತೆಗೆದುಬಿಟ್ಟರೆ ಘಮ ಸಿಗುತ್ತದೆ, ತೊಂದರೆ ಇರುವುದಿಲ್ಲ. ತೂಕ ಈಗಾಗಲೇ ಕಡಿಮೆ ಇದ್ದರೆ ಆಹಾರತಜ್ಞರಿಲ್ಲದೆ ಇದಕ್ಕೆ ಕೈ ಹಾಕಬೇಡಿ.

ಮೂಲೆಮನೆ:

ಉಸಿರಾಟದ್ದನ್ನು ಯಾರೂ ಹೇಳಲಿಲ್ಲ. ಊಟದ ನಂತರ ಉಬ್ಬುವ ಎಷ್ಟೋ ಜನರಲ್ಲಿ ಗ್ಯಾಸ್ ಹೆಚ್ಚಿರುವುದೇ ಇಲ್ಲ. ವಪೆ (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು) ಕೆಳಗೆ ಒತ್ತುತ್ತದೆ, ಹೊಟ್ಟೆಯ ಗೋಡೆ ಸಡಿಲಬಿಡುತ್ತದೆ, ಹೊಟ್ಟೆ ಮುಂದೆ ಬರುತ್ತದೆ. ಒಂದು ಕೈ ಎದೆ ಮೇಲೆ, ಒಂದು ಹೊಟ್ಟೆ ಮೇಲೆ ಇಟ್ಟು 4 ಸೆಕೆಂಡ್ ಒಳಗೆ, 6 ಸೆಕೆಂಡ್ ಹೊರಗೆ, ಎದೆಯ ಕೈ ಅಲುಗಬಾರದು. ಊಟವಾದ ಮೇಲೆ 5ರಿಂದ 10 ನಿಮಿಷ.

ಇನ್ನೊಂದು: ಮಲವಿಸರ್ಜನೆಗೆ ತಿಣುಕಿದರೂ ಪೂರ್ತಿ ಹೋಗಲಿಲ್ಲ ಅನಿಸುತ್ತದೆಯೇ? ಹಾಗಿದ್ದರೆ ತೊಂದರೆ ಪಥ್ಯದ್ದಲ್ಲ, ಬಾಗಿಲಿನದ್ದಿರಬಹುದು. ಸಡಿಲಬೇಕಾದ ಗುದದ ಸ್ನಾಯು ಬಿಗಿಯುತ್ತಿರುತ್ತದೆ. ಆಗ ನಾರು ಹೆಚ್ಚಿಸಿದಷ್ಟೂ ಒಳಗೆ ತುಂಬುತ್ತದೆ, ಗಟ್ಟಿಮಲದ ಪಕ್ಕದಿಂದ ನೀರಿನಂಥದ್ದು ಸೋರುತ್ತದೆ. ನೋಡುವವರಿಗೆ ಅದು ಭೇದಿ. ಅದಕ್ಕೆ ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರೆ ಕಥೆ ಮುಗಿಯಿತು. ಕಮೋಡಿನ ಮುಂದೆ ಮೊಣಕಾಲು ಸೊಂಟಕ್ಕಿಂತ ಮೇಲೆ ಬರುವಷ್ಟು ಎತ್ತರದ ಮಣೆ ಇಟ್ಟು, ಬೆಳಗಿನ ತಿಂಡಿಯ ಅರ್ಧ ಗಂಟೆಯೊಳಗೆ ಕೂತು ನೋಡಿ, 10 ನಿಮಿಷ ಮೀರದೆ. ಬದಲಾಗದಿದ್ದರೆ ವೈದ್ಯರು ಗುದದಲ್ಲಿ ಬೆರಳಿಟ್ಟು ಮಾಡುವ ಪರೀಕ್ಷೆ, ಗುದದ ಒತ್ತಡ ಅಳೆಯುವ ಅನೋರೆಕ್ಟಲ್ ಮ್ಯಾನೋಮೆಟ್ರಿ, 50 ಮಿಲಿ ನೀರಿನ ಬಲೂನ್ ಹೊರಹಾಕುವ ಪರೀಕ್ಷೆ ಕೇಳಿ. ದೋಷ ಕಂಡರೆ ಚಿಕಿತ್ಸೆ ಬಯೋಫೀಡ್‌ಬ್ಯಾಕ್ (ಸ್ನಾಯುವಿನ ಬಿಗಿತವನ್ನು ಉಪಕರಣದಲ್ಲಿ ನೋಡುತ್ತಾ ಸಡಿಲಿಸಲು ಕಲಿಯುವ ತರಬೇತಿ), ಚೂರ್ಣವಲ್ಲ.