ಎರಡು ಎಕ್ಕ ಬಂದರೂ ಗಡ್‌ಬಡ್ ಐಸ್‌ಕ್ರೀಂ ನಾನೇ ಕೊಡಿಸಬೇಕಾ? ಬೆಟ್ ಎಷ್ಟು ಹಾಕುವುದು ಹೇಳಿ

ಸುರತ್ಕಲ್_ಹೊಸಬ:
ಭಾನುವಾರ ರಾತ್ರಿ ನಾವು ಏಳು ಜನ ಗೆಳೆಯನ ಮನೆ ಟೆರೇಸಿನ ಶೀಟಿನಡಿ ಕೂತು ಪೋಕರ್ ಟೂರ್ನಮೆಂಟ್ ಆಡುತ್ತೇವೆ. ಹಣ ಇಲ್ಲ, ಬರೀ ಪ್ಲಾಸ್ಟಿಕ್ ಚಿಪ್ಸ್. ಮೊದಲು ಔಟಾದವ ಎಲ್ಲರಿಗೂ ಗಡ್‌ಬಡ್ ಕೊಡಿಸಬೇಕು. ಮೂರು ವಾರದಿಂದ ನಾನೇ ಕೊಡಿಸುತ್ತಿದ್ದೇನೆ ಮಾರಾಯ್ರೆ.

ಮೊನ್ನೆ ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಹಾಕಲೇಬೇಕಾದ ಚಿಪ್ಸ್, ದೊಡ್ಡದು ಬಿಗ್ ಬ್ಲೈಂಡ್) 100/200. ನನ್ನ ಹತ್ತಿರ 8,000. ಕೈಯಲ್ಲಿ ಎರಡು ಎಕ್ಕ. ಇಬ್ಬರು ಸುಮ್ನೆ 200 ಹಾಕಿ ಕೂತಿದ್ದರು. ಯಾರೂ ಓಡಬಾರದು ಅಂತ 400 ಮಾಡಿದೆ. ಇಬ್ಬರೂ ಬಂದರು, ಬಿಗ್ ಬ್ಲೈಂಡಿನವನೂ ಬಂದ. ಪಾಟ್, ಅಂದರೆ ನಡುವೆ ಸೇರಿದ ಚಿಪ್ಸ್, 1,700. ಫ್ಲಾಪಲ್ಲಿ (ಎಲ್ಲರಿಗೂ ಸೇರಿ ಮೇಜಿನ ಮೇಲೆ ತೆರೆಯುವ ಮೊದಲ ಮೂರು ಎಲೆ) ಆಟೀನ್ ರಾಜ, ಆಟೀನ್ ಎಂಟು, ಕಳಾವರ್ ಮೂರು. 200 ಹಾಕಿದೆ, ಒಬ್ಬ ಉಳಿದ. ಟರ್ನಲ್ಲಿ, ಅಂದರೆ ನಾಲ್ಕನೇ ಎಲೆ, ಇಸ್ಪೀಟ್ ಐದು, ಮತ್ತೆ 200. ರಿವರಲ್ಲಿ, ಅಂದರೆ ಕೊನೆಯ ಎಲೆ, ಆಟೀನ್ ಬಿತ್ತು. ಅವನು ಆಲ್-ಇನ್ (ಇದ್ದದ್ದೆಲ್ಲ ಹಾಕಿದೆ) ಅಂದ, ನಾನು ಕಾಲ್ (ನಾನೂ ಅಷ್ಟೇ ಹಾಕಿದೆ) ಅಂದೆ. ಅವನಿಗೆ ಐದು ಆಟೀನ್, ನನ್ನ ಎಕ್ಕದ ಜೋಡಿಗಿಂತ ಮೇಲು. ಕಥೆ ಮುಗಿಯಿತು.

ಅದಕ್ಕೂ ಹಿಂದಿನ ವಾರ ಇದೇ ಎಕ್ಕಗಳಿಗೆ ಒಮ್ಮೆಲೇ 3,000 ಹಾಕಿದ್ದೆ. ಎಲ್ಲರೂ ಎಲೆ ಬಿಸಾಡಿದರು. ಸಿಕ್ಕಿದ್ದು ಬ್ಲೈಂಡಿನ 300. ಎಂತ ಮಾಡುವುದು?

ಮಲ್ಪೆ_ಬಂದರು:
ನಮ್ಮದು ಮೀನಿನ ವ್ಯಾಪಾರ. ನನಗೆ ಬೆಟ್ ಅಂದರೆ ರೇಟು ಹೇಳುವುದು, ಅಷ್ಟೇ. ಅಂಜಲನ್ನು ಬೂತಾಯಿ ರೇಟಿಗೆ ಕೊಟ್ಟರೆ ಯಾರು ಬಿಟ್ಟು ಹೋಗುತ್ತಾರೆ?

ಫ್ಲಾಪಲ್ಲಿ ನಿಮ್ಮ ಗೆಳೆಯ 200 ಕೊಟ್ಟು 1,900ಕ್ಕೆ ಕೈ ಹಾಕಿದ. ನೂರಕ್ಕೆ ಹತ್ತು ಸಲ ಗೆದ್ದರೂ ಅವನಿಗೆ ನಷ್ಟ ಇಲ್ಲ. ಅವನ ಕೈಯಲ್ಲಿ ಎರಡು ಆಟೀನ್, ಮೇಜಿನ ಮೇಲೆ ಎರಡು. ಉಳಿದದ್ದು ಒಂಬತ್ತು. ಅವನು ನೋಡದ ಎಲೆ 47. ಮುಂದಿನ ಎಲೆಯೇ ಆಟೀನ್ ಆಗುವುದು ನೂರಕ್ಕೆ 19 ಸಲ. ಅವನು ಉಳಿದದ್ದು ಸರಿಯೇ, ಬೈಯಬೇಡಿ.

1,100 ಹಾಕಿದ್ದರೆ? 2,800ಕ್ಕಾಗಿ 1,100 ಕೊಡಬೇಕು. ಅದಕ್ಕೆ ನೂರಕ್ಕೆ 28 ಸಲವಾದರೂ ಗೆಲ್ಲಬೇಕು. ಈಗ ರೇಟು ಅವನಿಗೆ ಜಾಸ್ತಿ. ಆದರೆ ಆಟೀನ್ ಬಿದ್ದ ಮೇಲೂ ನೀವು ಆಲ್-ಇನ್‌ಗೆ ಕಾಲ್ ಕೊಡುವವರಾದರೆ ಈ ಲೆಕ್ಕವೇ ಹಾಳು, ಅಲ್ವಾ? ಫ್ಲಾಪಲ್ಲಿ ಮೂರೂ ಬೇರೆ ಬೇರೆ ಬಣ್ಣ (ಆಟೀನ್, ಕಳಾವರ್, ಇಸ್ಪೀಟ್ ಹೀಗೆ), ರಾಜ-ಏಳು-ಎರಡು ಅಂತ ಬಂದಿದ್ದರೆ ಪಾಟಿನ ಮೂರರಲ್ಲಿ ಒಂದು ಪಾಲು ಸಾಕಿತ್ತು.

ಫ್ಲಾಪಿಗೆ ಮೊದಲೇ ತಪ್ಪಿದ್ದೀರಿ. ಟೂರ್ನಮೆಂಟಲ್ಲಿ ರೇಸ್ (ಬೆಟ್ ಏರಿಸುವುದು) ಸಾಮಾನ್ಯವಾಗಿ ಬಿಗ್ ಬ್ಲೈಂಡಿನ ಎರಡು, ಎರಡೂವರೆ ಪಟ್ಟು. ಸುಮ್ನೆ ಕಾಲ್ ಮಾಡಿ ಕೂತವರಿದ್ದರೆ ತಲೆಗೊಂದು ಬ್ಲೈಂಡ್ ಸೇರಿಸಿ. 500, ಮೇಲೆ 400. ಒಟ್ಟು 900. ನಿಮ್ಮ ಮೇಜಿನಲ್ಲಿ ಎಲ್ಲದಕ್ಕೂ ಬರುವ ಹುಚ್ಚರಿದ್ದರೆ 1,000 ಮಾಡಿ.

ಎಕ್ಕಕ್ಕೆ 3,000, ಒಂಬತ್ತರ ಜೋಡಿಗೆ 500 ಅಂತ ಮಾತ್ರ ಮಾಡಬೇಡಿ. ಎಲೆ ತೆರೆದಿಟ್ಟು ಆಡಿದ ಹಾಗೆ ಅದು.

ಪಡುಬಿದ್ರಿ_ಅಣ್ಣ:
ಮೇಲಿನದ್ದೇ ಸರಿ. ಇದು ಉಲಾಯಿ-ಪಿದಾಯಿ (ಅಂದರ್-ಬಾಹರ್) ಅಲ್ಲ, ಕಣ್ಣು ಮುಚ್ಚಿ ಹಾಕುವುದಕ್ಕೆ. ಇನ್ನೊಂದು, ಹಾಕುವ ಮೊದಲು ಬಾಯಲ್ಲಿ ಹೇಳಿ. ಗೋವಾದ ಒಂದು ಕ್ಯಾಸಿನೋದಲ್ಲಿ ಬ್ಲೈಂಡ್ 100/200 ಇದ್ದಾಗ 500ರ ಒಂದೇ ಚಿಪ್ ಎಸೆದೆ, ಸ್ಟೈಲಾಗಿ. ಡೀಲರ್ 300 ವಾಪಸ್ ತಳ್ಳಿದ. ರೇಸ್ ಅಂತ ಹೇಳದೆ ಒಂದೇ ದೊಡ್ಡ ಚಿಪ್ ಹಾಕಿದರೆ ಅದು ಬರೀ ಕಾಲ್. ಕೈಯಲ್ಲಿ ರಾಣಿಯರ ಜೋಡಿ ಇತ್ತು!

ಸುರತ್ಕಲ್_ಹೊಸಬ:
ಬ್ಲೈಂಡ್ 300/600 ಆಗಿ ನನ್ನ ಹತ್ತಿರ 5,000 ಉಳಿದರೆ? ಆಗಲೂ ಎರಡೂವರೆ ಪಟ್ಟಾ?

ಮಲ್ಪೆ_ಬಂದರು:
ಇಲ್ಲ. ಅದು ಎಂಟು ಬ್ಲೈಂಡ್ ಚಿಲ್ಲರೆ. 1,500 ಹಾಕಿದ ಮೇಲೆ ಉಳಿದ 3,500 ಹಿಡಿದುಕೊಂಡು ಎಲೆ ಬಿಸಾಡಲು ಮನಸ್ಸು ಬರುವುದಿಲ್ಲ. ಹತ್ತಕ್ಕಿಂತ ಕೆಳಗೆ ಬಂದರೆ ಆಲ್-ಇನ್, ಇಲ್ಲದಿದ್ದರೆ ಫೋಲ್ಡ್, ಎಲೆ ಬಿಸಾಡಿ. ಚೌಕಾಸಿ ಮಾಡುವಷ್ಟು ಮೀನು ಬುಟ್ಟಿಯಲ್ಲಿ ಉಳಿದಿರುವುದಿಲ್ಲ.

ಸುರತ್ಕಲ್_ಹೊಸಬ:
ಸರಿ, ಈ ಭಾನುವಾರ 900. ಆ ಆಟೀನಿನವ ಈಗಲೇ ಮೆಸೇಜ್ ಹಾಕಿದ್ದಾನೆ, ಅವನದ್ದಕ್ಕೆ ಜೆಲ್ಲಿ ಜಾಸ್ತಿ ಬೇಕಂತೆ.